ಉಳಿದ ಒಂದೆಳೆ

“ಗುರುಗಳೇ, ನಾನು ಈ ಮಠಕ್ಕೆ ಹೆಚ್ಚಾದವನೇ?” ಎಂದು ಶಿಷ್ಯ ಅಡಿವೆಪ್ಪ ಕೇಳಿದ. “ಕೆಲಸಕ್ಕೆ ಇಬ್ಬಿಬ್ಬರಾಗಿ ನಿಂತರೂ ಒಬ್ಬ ಉಳಿಯುತ್ತಾನೆ, ಮೂವರು ಮೂವರಾಗಿ ನಿಂತರೂ ಒಬ್ಬ ಉಳಿಯುತ್ತಾನೆ. ಉಳಿಯುವವನು ಯಾವಾಗಲೂ ನಾನೇ. ಮಠ ಬಿಟ್ಟು ಹೋಗೋಣವೆನಿಸಿದೆ.”

“ಹೋಗುವವನನ್ನು ಕಟ್ಟಿಹಾಕಲು ನನ್ನ ಬಳಿ ಹಗ್ಗವಿಲ್ಲ. ಒಂದು ಕತೆಯಿದೆ, ಕೇಳಿಕೊಂಡು ಹೋಗು,” ಎಂದು ಗುರುಗಳು ಹೇಳತೊಡಗಿದರು.

ನೇಕಾರರ ಒಂದು ಊರು. ಅಲ್ಲಿ ಮದುವೆ ಸೀರೆಯ ಉದ್ದೆಳೆಗಳನ್ನು ಮಗ್ಗಕ್ಕೆ ಕಟ್ಟುವಾಗ ಊರಿನ ಒಬ್ಬೊಬ್ಬರೂ ಬಂದು ಒಂದೊಂದು ಎಳೆ ಹಾಕಬೇಕು. ಹಸೆಗೆ ಕೂರುವ ಹೆಣ್ಣು ಇಡೀ ಊರನ್ನೇ ಉಟ್ಟುಕೊಂಡು ಹೋಗಬೇಕು ಎಂಬುದು ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ಪಟ್ಟೆಯಲ್ಲೂ ಎಳೆಗಳು ಅಷ್ಟಷ್ಟೇ ಇದ್ದು ಪಟ್ಟೆಗಳೆಲ್ಲ ಸರಿಸಮನಾಗಿ ಬರಬೇಕು. ಮಿಕ್ಕ ಎಳೆಯನ್ನು ಅಪಶಕುನವೆಂದು ಕಿತ್ತೆಸೆಯಬೇಕು.

ಒಬ್ಬ ನೇಕಾರನ ಮಗಳಿಗೆ ಮದುವೆ ಗೊತ್ತಾಯಿತು. ಮೊದಲ ಎಳೆಯನ್ನು ಅವನೇ ಹಾಕಿದ. ಕೊನೆಯದನ್ನು ಅವನ ತಂಗಿ ಹಾಕಿದಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಅವಳೇ. ಗಂಡ ಸತ್ತವಳೆಂದು ಜನ ಅವಳನ್ನು ಎಲ್ಲರ ಹಿಂದೆ ನಿಲ್ಲಿಸಿದ್ದರು.

ಒಟ್ಟು ಎಳೆಗಳು ಎರಡು ಸಾವಿರದ ಐನೂರ ಇಪ್ಪತ್ತೊಂದು. ನೇಕಾರ ಎರಡೆರಡಾಗಿ ಎಣಿಸಿದ, ಒಂದು ಉಳಿಯಿತು. ಮೂರು ಮೂರಾಗಿ ಎಣಿಸಿದ, ಒಂದು ಉಳಿಯಿತು. ನಾಲ್ಕು, ಐದು, ಆರು ಎಂದು ಹತ್ತರವರೆಗೂ ಎಣಿಸಿದ. ಹಾಳಾದ ಸಂಖ್ಯೆ, ಪ್ರತಿ ಸಲವೂ ಒಂದೇ ಒಂದು ಉಳಿಯಿತು! ಹತ್ತನ್ನು ದಾಟಿ ನೋಡಿದರೂ ಅದು ಸಮನಾಗಿ ಭಾಗವಾಗಲೊಲ್ಲದು. ಕೆಲವು ಸಂಖ್ಯೆಗಳ ಹುಟ್ಟುಗುಣವೇ ಹಾಗಪ್ಪಾ. ಒಂದಕ್ಕೂ ತನಗೂ ಬಿಟ್ಟರೆ ಇನ್ಯಾರಿಗೂ ಬಗ್ಗುವುದಿಲ್ಲ. ಆದರೆ ಆ ಒಂದೆಳೆಯನ್ನು ತೆಗೆದುಬಿಟ್ಟರೆ ಎರಡರಿಂದ ಹತ್ತರವರೆಗೆ ಎಲ್ಲದಕ್ಕೂ ಸಲೀಸಾಗಿ ಭಾಗವಾಗುತ್ತದೆ.

ಉಳಿದದ್ದು ತಂಗಿಯ ಎಳೆ. “ಕಿತ್ತುಬಿಡಣ್ಣಾ, ಮಗುವಿಗೆ ಒಳ್ಳೆಯದಾದರೆ ಸಾಕು,” ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನೇಕಾರ ತಂಗಿಯ ಮುಖ ನೋಡದೆ ಚಾಕು ಎತ್ತಿಕೊಂಡ. ಮಗಳು ಅವನ ಕೈ ಹಿಡಿದಳು.

“ಅಪ್ಪಾ, ಒಂದು ಸಲ ಅತ್ತೆಯ ಕಡೆಯಿಂದ ಎಣಿಸು.”

ನೇಕಾರ ಎಣಿಸಿದ. ಹತ್ತು ಹತ್ತಾಗಿ ಎಣಿಸುತ್ತ ಈಚೆ ತುದಿಗೆ ಬಂದ. ಮತ್ತೆ ಒಂದು ಉಳಿಯಿತು. ನೋಡುತ್ತಾನೆ, ಅದು ಅವನದೇ ಎಳೆ! “ಅಯ್ಯೋ ಶಿವನೇ” ಎಂದು ಚಾಕು ಕೆಳಗಿಟ್ಟ.

ಆಮೇಲೆ ಅವನು ಯಾರ ಎಳೆಯನ್ನೂ ಕೀಳಲಿಲ್ಲ. ಒಂದು ಪಟ್ಟೆ ಒಂದೆಳೆಯಷ್ಟು ಅಗಲವಾಯಿತು, ಅಷ್ಟೇ. ಬೀಗರು ಸೀರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಬ್ಬರಿಗೂ ಗೊತ್ತಾಗಲಿಲ್ಲ. ಮದುವೆಯ ದಿನ ಹುಡುಗಿಗೆ ಆ ಸೀರೆ ಉಡಿಸಿದವಳು ಸಾಕಿದ ಅತ್ತೆಯೇ.

ಅಡಿವೆಪ್ಪನ ಮುಖ ಇನ್ನೂ ಸಪ್ಪಗಿತ್ತು. “ಆ ಅತ್ತೆಯ ಪರವಾಗಿ ತಿರುಗಿ ಎಣಿಸೆನ್ನಲು ಒಬ್ಬ ಹುಡುಗಿಯಾದರೂ ಇದ್ದಳು. ನನಗೆ ಯಾರಿದ್ದಾರೆ ಗುರುಗಳೇ?”

“ಎಲವೋ ಮರುಳೇ, ಇಷ್ಟು ಹೊತ್ತು ನಿನ್ನೆದುರು ಕೂತು ಗಂಟಲು ಹರಿದುಕೊಂಡವನು ಯಾರು?”