ತಲೆಗೆ ಹಾಕಿದ ನೀರು

"ಗುರುಗಳೇ, ಸತ್ತವರಿಗಾಗಿ ಒಬ್ಬ ಮನುಷ್ಯ ಎಷ್ಟು ದಿನ ಅಳಬಹುದು?" ಎಂದು ಶಿಷ್ಯ ಮರುಳಯ್ಯನು ಕೇಳಿದನು.

"ಯಾರ ಮಾತು ಇದು?" ಎಂದರು ಗುರುಗಳು.

"ಮಠಕ್ಕೆ ಹೂ ತರುವ ಹೊನ್ನಪ್ಪನದು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಹನ್ನೊಂದನೆಯ ದಿನದ ಕಾರ್ಯ ಚೆನ್ನಾಗಿಯೇ ನಡೆಯಿತು, ಊರೆಲ್ಲ ಉಂಡು ಹೋಯಿತು. ಆದರೂ ದಿನವೂ ಬುಟ್ಟಿ ಇಳಿಸುವಾಗ ಕಣ್ಣೊರೆಸಿಕೊಳ್ಳುತ್ತಾನೆ. ಇವತ್ತು ಬೆಳಿಗ್ಗೆ ನಾನೇ ಹೇಳಿದೆ, ‘ಸಾಕು ಮಾಡಪ್ಪ ಹೊನ್ನಪ್ಪ, ಕಾರ್ಯ ಮುಗಿದ ಮೇಲೂ ಅಳುತ್ತಿದ್ದರೆ ನೋಡಿದವರು ಏನೆಂದಾರು’ ಎಂದು. ‘ಹೌದು ಬುದ್ಧಿ’ ಅಂದು ನಕ್ಕು ಹೋದ. ಇನ್ನು ಸರಿಹೋಗುತ್ತಾನೆ."

ಗುರುಗಳು ಮರುಳಯ್ಯನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾರೆಯವನಿದ್ದನು. ತಾಯಿಯನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಕೆಲಸದಲ್ಲಿ ನಿಧಾನಸ್ಥ. ತಾರಸಿ ಹಾಕಿದ ಮೇಲೆ ಅದಕ್ಕೆ ಕೆಳಗಿನಿಂದ ಆನಿಸಿದ ಹಲಗೆಗಳನ್ನು ಇಪ್ಪತ್ತೊಂದು ದಿನ ಮುಟ್ಟಗೊಡುತ್ತಿರಲಿಲ್ಲ. ಮನೆ ಕಟ್ಟಿಸುವವರು, "ಒಣಗಿದೆಯಲ್ಲಯ್ಯಾ, ಬಿಚ್ಚು ಮತ್ತೆ" ಎಂದು ಅವಸರ ಮಾಡಿದರೆ, "ಒಣಗಿದ್ದು ಮೇಲೆ ಸ್ವಾಮಿ, ಒಳಗೆ ಇನ್ನೂ ಹಸಿ" ಎನ್ನುತ್ತಿದ್ದನು. ಅವನು ಹಾಕಿದ ತಾರಸಿ ಒಂದೂ ಬಿರುಕು ಬಿಟ್ಟಿರಲಿಲ್ಲ.

ಒಂದು ದಿನ ಎತ್ತರದ ಗೋಡೆಗೆ ಗಿಲಾವು ಮಾಡುತ್ತಿದ್ದಾಗ, ಅವನು ನಿಂತಿದ್ದ ಬಿದಿರಿನ ಸಾರವೆಯ ಕಟ್ಟು ಬಿಚ್ಚಿಕೊಂಡಿತು. ಪಕ್ಕೆಯಡಿಯಾಗಿ ಕಲ್ಲಿನ ಮೇಲೆ ಬಿದ್ದನು. ಏಳಲಾಗಲಿಲ್ಲ. ಜೊತೆ ಕೆಲಸದವರು ಹಲಗೆಯ ಮೇಲೆ ಮಲಗಿಸಿ ಪೇಟೆಯ ಆಸ್ಪತ್ರೆಗೆ ಸಾಗಿಸಿದರು.

ತೊಡೆಯ ಮೂಳೆಯ ತುದಿಯಲ್ಲಿ ಒಂದು ಗುಂಡು ಇರುತ್ತದೆ. ಅದು ಸೊಂಟದಲ್ಲಿರುವ ಒಂದು ಬಟ್ಟಲಿನೊಳಗೆ ಕೂತು ತಿರುಗುತ್ತದೆ. ನಾವು ನಡೆಯುವುದು, ಕೂರುವುದು, ನಮಸ್ಕಾರ ಮಾಡುವುದು ಎಲ್ಲವೂ ಆ ಬಟ್ಟಲಿನಿಂದ. ಗಾರೆಯವನ ಆ ಬಟ್ಟಲು ಸೀಳಿತ್ತು.

ಅವನು ವೈದ್ಯರನ್ನು ಕೇಳಿದ್ದು ಒಂದೇ ಮಾತು. "ನಾನು ಮತ್ತೆ ಸಾರವೆ ಹತ್ತುತ್ತೇನೆಯೇ ಸ್ವಾಮಿ?"

"ಹತ್ತುತ್ತೀಯೆ" ಎಂದರು ವೈದ್ಯರು. "ಮೊದಲೆಲ್ಲ ಇದಕ್ಕೆ ಗೇಣುದ್ದ ಕೊಯ್ಯಬೇಕಾಗಿತ್ತು. ಮೂಳೆಗಿಂತ ಆ ಕೊಯ್ತವೇ ಜನರನ್ನು ಹಣ್ಣು ಮಾಡುತ್ತಿತ್ತು. ನಿನ್ನ ಬಟ್ಟಲು ಸೀಳಿದೆ, ಜಾಗ ಬಿಟ್ಟು ಹೆಚ್ಚು ಸರಿದಿಲ್ಲ. ಬೆರಳು ತೂರುವಷ್ಟು ಎರಡು ಕಡೆ ಕೊಯ್ದರೆ ಸಾಕು. ಯಂತ್ರದ ಪರದೆಯಲ್ಲಿ ಮೂಳೆಯನ್ನು ನೋಡಿಕೊಂಡು ಒಳಗೆ ತಿರುಪುಮೊಳೆ ಕೂರಿಸುತ್ತೇನೆ."

ಹೇಳಿದ ಹಾಗೆಯೇ ಮಾಡಿದರು. ಕೈ ಪಳಗಿದವರು. ಮನೆಗೆ ಕಳುಹಿಸುವ ದಿನ ಗಾರೆಯವನನ್ನು ಕೇಳಿದರು, "ತಾರಸಿಯ ಹಲಗೆ ಎಷ್ಟು ದಿನಕ್ಕೆ ಬಿಚ್ಚುತ್ತೀಯಪ್ಪ?"

"ಇಪ್ಪತ್ತೊಂದು ದಿನಕ್ಕೆ."

"ಇದು ತೊಂಬತ್ತು ದಿನದ ತಾರಸಿ. ಅಲ್ಲಿಯವರೆಗೆ ಈ ಕಾಲಿನ ಮೇಲೆ ಭಾರ ಹಾಕಬೇಡ. ಊರುಗೋಲು ಬಿಡಬೇಡ. ನೆಲದ ಮೇಲೆ ಕೂರಬೇಡ."

ಊರಿನವರು ನೋಡಲು ಬಂದರು. ಎಳನೀರು ತಂದರು, ಬ್ರೆಡ್ಡು ತಂದರು. ಗಾಯ ತೋರಿಸು ಎಂದರು. ತಾಯಿ ದುಪ್ಪಟಿ ಸರಿಸಿ ತೋರಿಸಿದಳು. ಸೊಂಟದ ಪಕ್ಕದಲ್ಲಿ ಎರಡು ಸಣ್ಣ ಗುರುತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲಗೆಯ ಮೇಲೆ ಅವನನ್ನು ಸಾಗಿಸಿದವರಲ್ಲೊಬ್ಬ, "ಲೋ, ಇಷ್ಟಕ್ಕೇ ಏನೋ ನನ್ನ ಹೆಗಲು ಕಿತ್ತುಹೋಗುವ ಹಾಗೆ ಹೊತ್ತದ್ದು! ಇರುವೆ ಕಚ್ಚಿದಷ್ಟು ಗಾಯಕ್ಕೆ ಮೂರು ತಿಂಗಳ ಬಾಣಂತನವೇನೋ?" ಎಂದನು. ಎಲ್ಲರೂ ನಕ್ಕರು. ಗಾರೆಯವನು ಗೋಡೆಯ ಕಡೆ ತಿರುಗಿ ಮಲಗಿದನು. ಆ ಮಾತು ಅವನಿಗಿಂತ ತಾಯಿಗೆ ಹೆಚ್ಚು ನಾಟಿತು. ಎದೆ ಗಟ್ಟಿಮಾಡಿಕೊಂಡು ಸಾಕಿದ ಮಗ. ಅವನನ್ನು ಯಾರೂ ಮೈಗಳ್ಳ ಎಂದಿರಲಿಲ್ಲ.

ಆ ಸೀಮೆಯಲ್ಲಿ ಒಂದು ವಾಡಿಕೆಯಿತ್ತು. ಕಾಯಿಲೆ ಬಿದ್ದವನು ಗುಣವಾದರೆ ಅವನ ನೆತ್ತಿಗೆ ಎಣ್ಣೆ ಒತ್ತಿ ತಲೆಗೆ ನೀರು ಹಾಕುತ್ತಿದ್ದರು. ನೀರು ಬಿದ್ದ ಮೇಲೆ ಅವನು ರೋಗಿಯಲ್ಲ. ಆಮೇಲೆ ಹೇಗಿದ್ದೀಯೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಹೋದ ಕಾಯಿಲೆಯನ್ನು ಹೆಸರು ಹಿಡಿದು ಕರೆದಂತೆ. ಅವನೂ ಹೇಳಿಕೊಳ್ಳುತ್ತಿರಲಿಲ್ಲ.

ಹೊಲಿಗೆ ಬಿಚ್ಚಿಸಿ ಬಂದ ಮೇಲೆ ಗಾಯದ ಹಕ್ಕಳೆ ಉದುರಿತು. ಒಂದು ಸೋಮವಾರ ತಾಯಿ ಹಂಡೆಗೆ ಬೆಂಕಿ ಹಾಕಿದಳು.

"ಏಳಪ್ಪ, ನೀರು ಕಾದಿದೆ."

"ತೊಂಬತ್ತು ದಿನ ಅಂದಿದ್ದಾರವ್ವ."

"ಇವತ್ತಿಗೆ ಇಪ್ಪತ್ತೊಂದು ಆಯಿತು. ಕಲ್ಲು, ಗಾರೆಯೇ ಅಷ್ಟರಲ್ಲಿ ಗಟ್ಟಿಯಾಗುತ್ತದೆ, ಮನುಷ್ಯನ ಮೈ ಆಗುವುದಿಲ್ಲವೇ? ಎಲ್ಲಿ, ಗಾಯ ಎಲ್ಲಿದೆ ತೋರಿಸು."

ತೋರಿಸಲು ಅವನ ಮೈಮೇಲೆ ಏನೂ ಇರಲಿಲ್ಲ. ಊರಿಗೆಲ್ಲ ‘ಒಳಗೆ ಇನ್ನೂ ಹಸಿ’ ಎನ್ನುತ್ತಿದ್ದವನಿಗೆ ತನ್ನ ಮೈಯ ವಿಷಯದಲ್ಲಿ ಆ ಮಾತು ಬಾಯಿಗೆ ಬರಲಿಲ್ಲ. ಎದ್ದನು.

ತಾಯಿ ಬಿಸಿನೀರು ಹಾಕಿ, ತಲೆ ಒರೆಸಿ, ಒಗೆದ ಪಂಚೆ ಕೊಟ್ಟಳು. ಊರುಗೋಲನ್ನು ತಾನೇ ತೆಗೆದು ಅಟ್ಟದ ಮೇಲಿಟ್ಟಳು. ವಾಡಿಕೆಯಂತೆ ಅವನು ಎರಡು ಕಾಲಿನಲ್ಲಿ ನಡೆದು ಹೊಸಿಲು ದಾಟಿ, ದೇವರ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿ, ನೆಲದ ಮೇಲೆ ಊಟಕ್ಕೆ ಕುಳಿತನು. ಕೂರುವಾಗ ಸೊಂಟದೊಳಗೆ ಏನೋ ಕಟಕ್ಕೆಂದಿತು. ಕಣ್ಣು ಕತ್ತಲಿಟ್ಟಿತು. ಎದುರಿಗೆ ತಾಯಿ ಪಾಯಸದ ಸೌಟು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನಕ್ಕನು. ಮಗ ಸರಿಹೋದನೆಂದು ತಾಯಿ ಇನ್ನೊಂದು ಸೌಟು ಬಡಿಸಿದಳು.

ಮಾರನೆಯ ವಾರದಿಂದ ಕೆಲಸಕ್ಕೆ ಹೋದನು. ಕಾಲು ಎಳೆಯುತ್ತಿದ್ದನು. ಜನ ನೋಡಿದರು, ಕೇಳಲಿಲ್ಲ. ಸಾರವೆಯ ಮೇಲೆ ಒಂದೊಂದು ಸಲ ಕರಣೆ ಹಿಡಿದ ಕೈಯನ್ನು ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತಿದ್ದನು. ಅದನ್ನೂ ನೋಡಿದರು. ಅದೇ ತೊಂಬತ್ತನೆಯ ದಿನದ ಹೊತ್ತಿಗೆ ಕಾಲು ಎತ್ತಿಡಲಾಗಲಿಲ್ಲ. ಮತ್ತೆ ಆಸ್ಪತ್ರೆಗೆ ಸಾಗಿಸಿದರು.

ವೈದ್ಯರು ಮೂಳೆಯ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಮೊಳೆ ಸಡಿಲಿ ಬಟ್ಟಲು ಮತ್ತೆ ಬಾಯಿಬಿಟ್ಟಿತ್ತು. ಒಡೆದ ಅಂಚಿಗೆ ಉಜ್ಜಿ ಉಜ್ಜಿ ಗುಂಡು ಸವೆದಿತ್ತು. "ಬೇರೆ ಕೀಲು ಹಾಕಬಹುದು, ನಡೆದಾಡುತ್ತಾನೆ" ಎಂದರು. "ಸಾರವೆ ಹತ್ತುವ ಮಾತು ಇನ್ನು ಇಲ್ಲ."

ತಾಯಿ, "ಗಾಯ ಒಣಗಿತ್ತಲ್ಲ ಸ್ವಾಮಿ, ನನ್ನ ಕೈಯಾರೆ ನೀರು ಹಾಕಿದೆನಲ್ಲ" ಎಂದಳು.

ವೈದ್ಯರಿಗೆ ಕೋಪ ಬರಲಿಲ್ಲ. ತಮ್ಮ ಎರಡು ಅಂಗೈಗಳನ್ನು ಒಮ್ಮೆ ನೋಡಿಕೊಂಡರು. "ಗೇಣುದ್ದ ಕೊಯ್ದಿದ್ದರೆ ನೀನು ಕಾಯುತ್ತಿದ್ದೆ, ತಾಯಿ" ಎಂದರು.

ಮಗನಿಗೆ ಬೇರೆ ಕೀಲು ಹಾಕಿಸಿ ಊರಿಗೆ ಮರಳುವ ದಾರಿಯಲ್ಲಿ ತಾಯಿ ಕೇಳಿದಳು.

"ಯಾವತ್ತಿನಿಂದ ನೋಯುತ್ತಿತ್ತಪ್ಪ?"

"ಅವತ್ತು ಊಟಕ್ಕೆ ಕೂತಾಗಿನಿಂದ."

"ನನಗೆ ಒಂದು ಮಾತು ಹೇಳಬಾರದಾಗಿತ್ತೇ?"

"ನೀನು ನೀರು ಹಾಕಿಬಿಟ್ಟಿದ್ದೆಯಲ್ಲವ್ವ."

ಅಂದಿನಿಂದ ಆ ತಾಯಿ ವಾಡಿಕೆ ಮುರಿದಳು. ದಿನವೂ ಬೆಳಿಗ್ಗೆ ಎದ್ದೊಡನೆ, "ಹೇಗಿದೆಯಪ್ಪ?" ಎಂದು ಮಗನನ್ನು ಕೇಳುವಳು. ಮಗ ಇದ್ದದ್ದನ್ನು ಇದ್ದ ಹಾಗೆ ಹೇಳುವನು. ಅದರಿಂದ ಅವನು ಮತ್ತೆ ಸಾರವೆ ಹತ್ತುವಂತಾಗಲಿಲ್ಲ. ಅವಳು ಕೇಳುವುದನ್ನು ಬಿಡಲಿಲ್ಲ. ಅವಳು ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ಅವನು ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು.

"ಅಯ್ಯೋ ಪಾಪ" ಎಂದನು ಮರುಳಯ್ಯ. "ಹೆತ್ತ ತಾಯಿಗೂ ತಿಳಿಯಲಿಲ್ಲವಲ್ಲ, ಗುರುಗಳೇ."

ಗುರುಗಳು ಬುಟ್ಟಿಯಲ್ಲಿದ್ದ ಬೆಳಗಿನ ಹೂವಿನ ಕಡೆ ನೋಡಿದರು.

"ಹೊನ್ನಪ್ಪನೂ ನಕ್ಕು ಹೋದ ಅಂದೆಯಲ್ಲವೇ, ಮರುಳಯ್ಯ?"