ಮೊದ್ಲು ಅಲ್ಲಾಡಿದ್ದು ಬಂಡೆ

ಈ ಕಥೆನ ನನ್ನಂಗೆ ನೆಟ್ಟಗೆ ಹೇಳೋರು ಸುತ್ತಮುತ್ತ ಯಾರೂ ಇಲ್ಲ. ಅದಕ್ಕೇ ನಾನೇ ಹೇಳ್ತೀನಿ, ಕೇಳಿ.

ಹೊಳೆ ದಡದಾಗೆ ಒಂದು ಆಶ್ರಮ. ಗುರು ಶಂಭುಲಿಂಗಯ್ಯನೋರು. ಅವ್ರಿಗೆ ಕರಿಸಿದ್ದ ಅಂತ ಒಬ್ಬ ಶಿಷ್ಯ. ಎತ್ತಿನಂಥ ಆಳು, ಮನಸ್ಸು ಮಾತ್ರ ಬೆಣ್ಣೆ.

ಅಲ್ಲೊಂದು ಪದ್ಧತಿ. ದೀಕ್ಷೆ ಬೇಕು ಅನ್ನೋನು ಹೊಳೆ ಪಕ್ಕದ ಬಂಡೆ ಮೇಲೆ ಬೆಳಗಿಂದ ಬೈಗಿನವರ್ಗೂ ಅಲ್ಲಾಡದೆ ಕೂರ್ಬೇಕು. ಎದ್ದನೋ, ಗಂಟು ಕಟ್ಕೊಂಡು ಊರಿಗೆ ಹೋಗ್ಬೇಕು.

ಕರಿಸಿದ್ದ ಕೂತ. ಬೆಟ್ಟ ಕೂತಂಗೆ ಕೂರ್ತೀನಿ ಅಂತ ಎಲ್ರಿಗೂ ಹೇಳ್ಕೊಂಡೇ ಕೂತ.

ಮಧ್ಯಾಹ್ನ ಭೂಮಿ ನಡುಗ್ತು. ಬಂಡೆ ಗಡಗಡ ಅಂತು. ಕರಿಸಿದ್ದ ಪಂಚೆ ಎತ್ಕೊಂಡು ಓಡಿದ ನೋಡಿ, ಆಶ್ರಮದ ನಾಯಿಗೂ ಅವನ್ನ ಹಿಡಿಯಾಕಾಗ್ಲಿಲ್ಲ.

ಸಂಜೆ ಬಂದು ಗುರುಗಳ ಕಾಲಿಗೆ ಬಿದ್ದ. ದೀಕ್ಷೆ ನನ್ನ ಹಣೇಲಿ ಬರೆದಿಲ್ಲ, ಹೊಂಟೋಯ್ತೀನಿ ಅಂತ ಗೊಳೋ ಅಂದ.

ಗುರುಗಳು ಒಲೆ ಮುಂದೆ ಹಾಲು ಕಾಯಿಸ್ತಾ ಕೂತಿದ್ರು. ತಿರುಗಿ ನೋಡ್ದೆ ಕೇಳಿದ್ರು.

"ಮೊದ್ಲು ಅಲ್ಲಾಡಿದ್ದು ನೀನೋ, ಬಂಡೆನೋ?"

"ಬಂಡೆ, ಬುದ್ಧಿ."

"ಹಂಗಾರೆ ಮೊದ್ಲು ಅದನ್ನ ಊರಿಗೆ ಕಳಿಸು. ಆಮೇಲೆ ನೀ ಹೋಗೀಯಂತೆ."

ಅಳ್ತಾ ಇದ್ದೋನಿಗೆ ನಗು ಬಂತು. ಗುರುಗಳು ಅವನ ಕಿವಿ ಹಿಡಿದು ಗಡಿಗೆ ಪಕ್ಕ ಕೂರಿಸ್ಕೊಂಡ್ರು. ಹಾಲಿನ ಮೇಲೆ ಕೆನೆ ಕಟ್ಟಿತ್ತು. ಮೆಲ್ಲಗೆ ಒಂದು ಕಡೆ ಜರುಗಿ, ಅಂಚಲ್ಲಿ ಮುದುರ್ಕೊಂಡು ಏಳ್ತಾ ಇತ್ತು.

"ಕೆನೆ ತಳ್ಳಿದ್ಯಾರು?"

"ಯಾರೂ ಮುಟ್ಟಿಲ್ಲ ಬುದ್ಧಿ. ಅಡೀಲಿ ಕಾದ ಹಾಲು ಮೇಲಕ್ ಬಂದು ತಳ್ತಾ ಐತೆ."

ನಾವು ಕೂತಿರೋ ನೆಲಾನೂ ಇಂಥ ಕೆನೆನೇ ಅಂದ್ರು ಗುರುಗಳು. ಅದರ ಕೆಳಗೆ ಸುಡೋ ಕಲ್ಲು. ಗಟ್ಟಿನೇ, ಆದ್ರೂ ಉಗುರು ಬೆಳ್ಯೋವಷ್ಟು ಮೆಲ್ಲಗೆ ಹರೀತದೆ. ಕಾದಿದ್ದು ಮೇಲಕ್ಕೆ, ಆರಿದ್ದು ಕೆಳಕ್ಕೆ. ಇನ್ನೂ ಆಳದಾಗೆ, ಭೂಮಿ ಹೊಟ್ಟೇಲಿ, ಕಬ್ಬಿಣ ಕರಗಿ ಸುತ್ತುತಾ ಐತೆ, ಮೇಲಿನ ಕಲ್ಲಿಗೆ ಕಾವು ಕೊಡ್ತಾ. ಹಿಂಗೆ ಹರಿದೂ ಹರಿದೂ ನೆಲ ಆಗಾಗ ನಡುಗ್ತದೆ, ಒಂದು ಕಡೆ ಸೀಳ್ತದೆ, ಇನ್ನೊಂದು ಕಡೆ ಮುದುರ್ತದೆ. ಮುದುರಿ ಎದ್ದಿದ್ದಕ್ಕೆ ನಾವು ಬೆಟ್ಟ ಅಂತೀವಿ.

ಕರಿಸಿದ್ದ ಬಾಯಿ ಬಿಟ್ಕೊಂಡು ಕೂತ.

"ಆ ಬಂಡೆ ಯಾವತ್ತೂ ಸುಮ್ನೆ ಕೂತೇ ಇಲ್ವಾ?"

"ಒಂದು ಗಳಿಗೆನೂ ಇಲ್ಲ."

"ಮತ್ತೆ ನೀವು ದೀಕ್ಷೆ ತಗೊಳ್ಳೋವಾಗ ಅದರ ಮೇಲೆ ಅಲ್ಲಾಡದೆ ಕೂತಿದ್ರಂತಲ್ಲ ಬುದ್ಧಿ?"

ಗುರುಗಳು ಹಾಲು ಬಗ್ಗಿಸಿ, ಕೆನೆನೆಲ್ಲ ಅವನ ಲೋಟಕ್ಕೇ ಹಾಕಿ ಕೊಟ್ರು.

"ಬಂಡೆ ಜೊತೆ ನಾನೂ ಹೋಗ್ತಾನೇ ಇದ್ದೆ ಮಗಾ. ನಂಗದು ಗೊತ್ತಿತ್ತು, ಅಷ್ಟೇ. ಈಗ ನಿಂಗೂ ಗೊತ್ತಾಯ್ತು. ಕುಡಿದು ಮಲಿಕ್ಕೋ, ಬೆಳಿಗ್ಗೆ ಹೋಗಿ ಕೂತ್ಕೋ."