ಉಪಗ್ರಹ ಕಂಡ ಬೆಳೆ

ಕೃಷಿ ಇಲಾಖೆಯ ಸಾಹೇಬರು ಜೀಪಿನಿಂದ ಇಳಿದವರೇ ಉಪಗ್ರಹದ ನಕ್ಷೆ ಬಿಡಿಸಿದರು. "ಇಲ್ಲಿ ನಲವತ್ತು ಎಕರೆ ಬೆಳೆ ಇದೆ. ಅದಕ್ಕೆ ಇನ್ನೂರು ಲೀಟರ್ ಕೀಟನಾಶಕ ಹೊಡೆದೆವು ಅಂತ ಬರೆದಿದೆ. ಈ ಫಾರಂಗೆ ಹಾಕು ಸಹಿ. ಇಲ್ಲದಿದ್ದರೆ ನಿನ್ನ ಕೆಲಸ ಹೋಗುತ್ತೆ."

ಕೆರೆ ಕಾಯುವ ನೀರಗಂಟಿ ಮುನಿಶಾಮಿ ಕೈಮುಗಿದ. "ಅದು ಹೊಲ ಅಲ್ಲ ಸ್ವಾಮಿ, ನಮ್ಮ ಕೆರೆ. ಮೇಲೆಲ್ಲ ಕಳೆ ಮುಚ್ಚಿಕೊಂಡಿದೆ."

"ಉಪಗ್ರಹಕ್ಕಿಂತ ನಿನಗೆ ಜಾಸ್ತಿ ಗೊತ್ತೇನಯ್ಯಾ?"

"ತಪ್ಪಾಯ್ತು ಸ್ವಾಮಿ, ಸಹಿ ಹಾಕ್ತೀನಿ. ತಾವು ಒಂದ್ಸಲ ಹೊಲಕ್ಕೆ ಇಳಿದು ನೋಡಿಬಿಡಿ."

ಸಾಹೇಬರು ಠೀವಿಯಿಂದ ಬೂಟುಗಾಲು ಮುಂದಿಟ್ಟರು. ಬುಳಕ್ಕನೆ ಮುಳುಗಿದರು. ಎದ್ದು ನಿಂತಾಗ ಎದೆಮಟ್ಟ ನೀರು, ತಲೆ ತುಂಬ ಹಸಿರು ಕಳೆ.

ಮುನಿಶಾಮಿ ದಡದಲ್ಲಿ ಕೂತು ಫಾರಂ ಬಿಡಿಸಿದ. "ಮೇಲಿಂದ ನೋಡಿದರೆ ಈಗ ತಾವೂ ಬೆಳೆಯೇ ಸ್ವಾಮಿ. ತಮಗೆ ಎಷ್ಟು ಲೀಟರ್ ಹೊಡೆದೆವು ಅಂತ ಬರೀಲಿ?"